ಬಿಪಿ ಪೇಶಂಟ್‌ಗೆ ಬಿಪಿ ಏರಿಸಿದ್ದು ಯಾಕೆ?

ಪ್ರಶ್ನೆ: ಡಾಕ್ಟರ್ ಸರ್, ತೊಗರಿ ಒಣಹಾಕಲು ಮಾಳಿಗೆ ಹತ್ತಿದ್ದ ನಮ್ಮ ಕಾಕಾ ಕಾಲು ಜಾರಿ ಬಿದ್ದರು. ಬಿದ್ದಾಗ ಕಾಲ್ಬೆರಳು ಅಲ್ಲಾಡಿಸುತ್ತಿದ್ದರು. ಕ್ರೂಸರ್‌ನಲ್ಲಿ ಕೂರಿಸಿಕೊಂಡು ಕಲಬುರಗಿಗೆ ತಂದೆವು. ಸಂಜೆಗೆ ಬೆರಳು ಆಡುವುದೂ ನಿಂತಿತು. ಕುತ್ತಿಗೆ ಮೂಳೆ ಮುರಿದಿದೆ ಎಂದು ಆಪರೇಷನ್ ಮಾಡಿದರು. ಆಮೇಲೆ ಐಸಿಯುನಲ್ಲಿ ಬಿಪಿ ಏರಿಸುವ ಔಷಧಿ ಕೊಟ್ಟರು. ಅವರು ಮೊದಲೇ ಬಿಪಿಗೆ ಗುಳಿಗೆ ನುಂಗುವವರು. ಏರಿಸಿಯೇ ಕೆಡಿಸಿದರು ಅಂತ ಮನೆಯಲ್ಲಿ ಜಗಳ ನಡೆದಿದೆ. ಈಗ ಮನೆಗೆ ಬಂದಿದ್ದಾರೆ. ನಿಜ ಏನು?
– ಓದುಗರು, ಸೇಡಂ ತಾಲ್ಲೂಕು

ಉತ್ತರ: ಮೊದಲು ಜಗಳ ನಿಲ್ಲಿಸಿ. ಬಿಪಿ ಏರಿಸಿದ್ದು ಕುತ್ತಿಗೆ ಮೂಳೆಯೊಳಗೆ ಹಾದು ಮೆದುಳಿನ ಆಜ್ಞೆಯನ್ನು ಕೈಕಾಲಿಗೆ ಒಯ್ಯುವ ಬೆನ್ನುಹುರಿಯನ್ನು ಉಳಿಸಲಿಕ್ಕೆ.

ಮೂಳೆ ಮುರಿದು ಹುರಿಗೆ ತಾಗಿದ್ದು ಮೊದಲ ಪೆಟ್ಟು. ಅದು ಕ್ಷಣದಲ್ಲಿ ಆಗಿಹೋಗುತ್ತದೆ. ಎರಡನೇ ಪೆಟ್ಟು ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುತ್ತದೆ, ಅದರಲ್ಲಿ ರಕ್ತದ ಪಾತ್ರ ದೊಡ್ಡದು. ಹುರಿಯ ಮುಂಭಾಗದಲ್ಲಿ ಇರುವುದು ಒಂದೇ ಉದ್ದನೆಯ ರಕ್ತನಾಳ. ಹುರಿಯ ಮೂರನೇ ಎರಡು ಭಾಗ ಅದನ್ನೇ ನಂಬಿದೆ. ನಟ್ಟನಡುವೆ ಇರುವ ಬೂದು ಭಾಗಕ್ಕೆ ರಕ್ತ ಜಾಸ್ತಿ ಬೇಕು. ಪೆಟ್ಟು ಬಿದ್ದಾಗ ಅಲ್ಲಿನ ಕೂದಲೆಳೆಯಂಥ ನಾಳಗಳೇ ಮೊದಲು ಒಡೆಯುತ್ತವೆ. ಚುಕ್ಕೆ ಚುಕ್ಕೆಯಾಗಿ ರಕ್ತ ಒಸರಿ ಸುತ್ತಲೂ ಹರಡುತ್ತದೆ. ಉಳಿದ ನಾಳಗಳು ಬಿಗಿದುಕೊಳ್ಳುತ್ತವೆ, ಕೆಲವು ಹೆಪ್ಪುಗಟ್ಟುತ್ತವೆ. ಹುರಿ ಬಾತುಕೊಳ್ಳುತ್ತದೆ. ಸುತ್ತ ಮೂಳೆಯ ಗೋಡೆ ಇದೆಯಲ್ಲ, ಊತಕ್ಕೆ ಜಾಗ ಎಲ್ಲಿ? ಒಳಗೇ ಒತ್ತಡ ಏರಿ ರಕ್ತ ಇನ್ನೂ ಕಡಿಮೆಯಾಗುತ್ತದೆ. ಬಿದ್ದಾಗ ಆಡಿದ ಬೆರಳು ಸಂಜೆಗೆ ನಿಲ್ಲಲು ಇದು ಕಾರಣವಾಗಬಲ್ಲದು. ಮುರಿದ ಮೂಳೆ ದಾರಿಯಲ್ಲಿ ಸರಿದಿರಲೂಬಹುದು. ಕ್ರೂಸರ್‌ನಿಂದಲೇ ಹೀಗಾಯಿತು ಅಂತ ನಿಮ್ಮ ಪತ್ರ ಓದಿ ನಾನು ಹೇಳಲಾರೆ. ಆದರೆ ಓದುವ ಎಲ್ಲರಿಗೂ ಒಂದು ಮಾತು: ಬಿದ್ದವರನ್ನು ಕೂರಿಸಿ ತರಬೇಡಿ. 108ಕ್ಕೆ ಫೋನ್ ಮಾಡಿ. ಅದು ಬರುವವರೆಗೆ ಕುತ್ತಿಗೆ ಹೊರಳದ ಹಾಗೆ ಮಲಗಿದಲ್ಲೇ ಇರಲಿ.

ಈಗ ಬಿಪಿ ವಿಷಯ. ಚೆನ್ನಾಗಿರುವ ಹುರಿ ಬಿಪಿ ಸ್ವಲ್ಪ ಇಳಿದರೂ ತನ್ನ ನಾಳಗಳನ್ನು ಅಗಲ ಮಾಡಿಕೊಂಡು ರಕ್ತ ಎಳೆದುಕೊಳ್ಳುತ್ತದೆ. ಪೆಟ್ಟಾದ ಹುರಿಗೆ ಆ ಶಕ್ತಿ ಹೋಗುತ್ತದೆ. ಬಿಪಿ ಇಳಿದರೆ ರಕ್ತವೂ ಇಳಿಯಿತು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೇ ಹೊಲದವರನ್ನು ಕೇಳಿ, ಮೇಲೆ ನೀರಿನ ಮಟ್ಟ ಇಳಿದರೆ ಮೊದಲು ಒಣಗುವುದು ಯಾರ ಬೆಳೆ ಅಂತ. ಸಾಲದ್ದಕ್ಕೆ, ಕುತ್ತಿಗೆಯ ಪೆಟ್ಟು ಬಿಪಿಯನ್ನೇ ಬೀಳಿಸುತ್ತದೆ. ನಾಳಗಳನ್ನು ಬಿಗಿ ಹಿಡಿಯುವ ನರಗಳಿಗೆ ಮೆದುಳಿನ ಆಜ್ಞೆ ತಲುಪುವುದಿಲ್ಲ, ನಾಳ ಸಡಿಲ ಬೀಳುತ್ತವೆ. ರಕ್ತ ಹೋದ ಪೇಶಂಟ್‌ಗೆ ನಾಡಿ ಓಡುತ್ತದೆ, ಮೈ ತಣ್ಣಗಾಗುತ್ತದೆ. ಇಲ್ಲಿ ಉಲ್ಟಾ. ನಾಡಿ ನಿಧಾನ, ಪಾದ ಬೆಚ್ಚಗೆ. ‘ಕಾಲು ಬೆಚ್ಚಗಿದೆ ಸರ್’ ಅಂತ ಮನೆಯವರು ಖುಷಿಯಿಂದ ಹೇಳುವಾಗ ನನಗೆ ಗಾಬರಿ!

ಐಸಿಯು ಮಾನಿಟರ್‌ನಲ್ಲಿ ಬಿಪಿಯ ಎರಡು ಅಂಕಿಗಳ ಜೊತೆ ಕಂಸದಲ್ಲಿ ಇನ್ನೊಂದು ಇರುತ್ತದೆ. ಅದು ಸರಾಸರಿ ಒತ್ತಡ, ಈ ಲೆಕ್ಕದಲ್ಲಿ ಕೆಳಗಿನ ಅಂಕಿಗೆ ತೂಕ ಜಾಸ್ತಿ. ನಾವು ನೋಡುವುದು ಅದನ್ನೇ. 120/80 ಇದ್ದರೆ 93. 90/50 ಇದ್ದರೆ ಬರೀ 63, ಪೆಟ್ಟಾದ ಹುರಿಗೆ ಅದು ಸಾಲದು. 2013ರ ಅಮೆರಿಕದ ನರಶಸ್ತ್ರವೈದ್ಯರ ಮಾರ್ಗಸೂಚಿ ಮೊದಲ 7 ದಿನ 85ರಿಂದ 90 ಇರಲಿ ಎಂದಿತ್ತು. 2024ರಲ್ಲಿ ಬಂದ ಹೊಸ ಮಾರ್ಗಸೂಚಿ ಸ್ವಲ್ಪ ಸಡಿಲ: ಕನಿಷ್ಠ 75–80, ಗರಿಷ್ಠ 90–95, 3ರಿಂದ 7 ದಿನ. ಇದಕ್ಕೆ ಗಟ್ಟಿ ಪುರಾವೆ ಇದೆ ಅಂತ ಬರೆದವರೂ ಹೇಳಿಲ್ಲ. ಸತ್ತ ನರಕೋಶ ಇದರಿಂದ ಎದ್ದು ಬರುವುದಿಲ್ಲ. ಅಂಚಿನಲ್ಲಿ ಇನ್ನೂ ಜೀವ ಹಿಡಿದಿರುವವಕ್ಕೆ ರಕ್ತ ತಲುಪಲಿ ಅಂತಷ್ಟೇ. ಆಪರೇಷನ್ ಸಾಧ್ಯವಾದರೆ 24 ಗಂಟೆಯೊಳಗೆ ಮಾಡುವುದೂ ಇದಕ್ಕೇ, ಮೂಳೆಯ ಒತ್ತು ಬೇಗ ತೆಗೆಯಲಿಕ್ಕೆ.

ಕಾಕಾ ಮನೆಗೆ ಬಂದಿದ್ದಾರೆ ಅಂದಿರಿ. ಹಳೆಯ ಬಿಪಿ ಗುಳಿಗೆ ಸುಮ್ನೆ ಶುರು ಮಾಡಬೇಡಿ. ಕುತ್ತಿಗೆ ಪೆಟ್ಟಾದವರ ಬಿಪಿ ಆಮೇಲೆಯೂ ಕಡಿಮೆಯೇ ಇರಬಹುದು, ನೋಡಿಸಿ ಕೇಳಿ. ಇನ್ನೊಂದು: ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವತರೆ ಬಿಪಿ ವಿಪರೀತ ಏರಿರಬಹುದು. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಮೂತ್ರ ಕಟ್ಟಿದ್ದೇ ಎಷ್ಟೋ ಸಲ ಕಾರಣ. ಅದನ್ನು ಸರಿ ಮಾಡಿದ ಮೇಲೂ ಇಳಿಯದಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.