ಬಾದಾಮಿ ಕಲ್ಲಿನ ಮುಂದೆ ಯಾವ ಸೀರೆ?

ಈ ಸಲದ ಪ್ರಶ್ನೆಗಳೆಲ್ಲ ಮದುವೆಗೆ ಮುಂಚಿನ ಹೊರಾಂಗಣ ಫೋಟೊಶೂಟ್‌ನ ಬಟ್ಟೆ ಕುರಿತವು.

ಪ್ರಶ್ನೆ: ಬಾದಾಮಿಯೊಳಗ ಫೋಟೊ ತೆಗೆಸಬೇಕಂತ ಮಾಡೀವಿ. ದಾಳಿಂಬಿ ಬಣ್ಣದ ಇಳಕಲ್ ಸೀರಿ ಉಡು ಅಂತಾಳ ಅವ್ವ. ಅವರಿಗೆ ಮರೂನ್ ಜುಬ್ಬಾ ತಂದೇವಿ. ಜೋಡಿ ಚಂದ ಕಾಣತೈತೇನ್ರಿ?
– ಓದುಗರು, ಹುನಗುಂದ

ಉತ್ತರ: ಜುಬ್ಬಾ ಸೀರೆಗೆ ಹೊಂದುತ್ತದೆ, ಸರಿ. ಆದರೆ ಎರಡೂ ಕಲ್ಲಿಗೂ ಹೊಂದಿಬಿಡುತ್ತವೆ. ಬಾದಾಮಿಯ ಮರಳುಗಲ್ಲು ಕೆಂಪು. ಇಳಿಹೊತ್ತಿನ ಬಿಸಿಲು ಬಿದ್ದರೆ ಇನ್ನಷ್ಟು ಕೆಂಪಾಗುತ್ತದೆ. ಅದರ ಮುಂದೆ ಮರೂನ್, ಇಟ್ಟಿಗೆ ಬಣ್ಣ, ಕಂದು ಉಟ್ಟು ನಿಂತರೆ ಮುಖ ಮತ್ತು ಕೈ ಮಾತ್ರ ಎದ್ದು ಕಾಣುತ್ತವೆ, ಮೈ ಬಂಡೆಯೊಳಗೆ ಕರಗಿಹೋಗುತ್ತದೆ. ಮೊದಲು ಜಾಗ ಗೊತ್ತುಮಾಡಿ, ಆಮೇಲೆ ಬಟ್ಟೆ ಆರಿಸಿ. ಬಹಳಷ್ಟು ಮನೆಗಳಲ್ಲಿ ಇದು ಹಿಂದುಮುಂದಾಗಿಯೇ ನಡೆಯುತ್ತದೆ.

ಕೆಂಪು ಕಲ್ಲಿನೆದುರು ನವಿಲು ಬಣ್ಣ, ಗಿಳಿಹಸಿರು, ಕಡುನೀಲಿ, ಕೆನೆಬಿಳಿ ಚೆನ್ನಾಗಿ ಏಳುತ್ತವೆ. ಹಾಗಂತ ಇಳಕಲ್ ಬಿಡಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಜೋಡಿಗೆ ಅದಕ್ಕಿಂತ ಒಪ್ಪುವ ಸೀರೆ ಬೇರೆ ಯಾವುದಿದೆ? ಒಡಲು ಹಸಿರು ಅಥವಾ ನೀಲಿ ಇರುವುದನ್ನು ಆರಿಸಿ. ಒಂದು ಸೂಕ್ಷ್ಮ ನೆನಪಿರಲಿ. ಇಳಕಲ್‌ನ ಟೋಪ್‌ತೆನಿ ಸೆರಗು ಸಂಪ್ರದಾಯದಂತೆ ಕೆಂಪೇ, ಅದರ ಮೇಲೆ ಬಿಳಿ ವಿನ್ಯಾಸ. ಆ ಸೆರಗನ್ನು ಬಂಡೆಯ ಕಡೆ ಹರಡಿದರೆ ಕೆಂಪಿನ ಮೇಲೆ ಕೆಂಪು ಬಿದ್ದು ನೇಯ್ಗೆಯ ಚಂದವೇ ಕಾಣದು. ಸೆರಗು ಎದೆಯ ಮೇಲಿಂದ ಮುಂದಕ್ಕೆ ಬರಲಿ, ಇಲ್ಲವೇ ಅದರ ಹಿಂದೆ ಅಗಸ್ತ್ಯ ತೀರ್ಥ ಕೆರೆಯ ನೀರೋ ಬರಿಯ ಆಕಾಶವೋ ಇರಲಿ.

ಒಡಲಿನಲ್ಲಿ ತೀರ ಸಣ್ಣ ಚೌಕುಳಿ ಅಥವಾ ಒತ್ತು ಗೆರೆಗಳಿದ್ದರೆ ಬೇಡ. ದೂರದಿಂದ ತೆಗೆದ ಡಿಜಿಟಲ್ ಫೋಟೊದಲ್ಲಿ ಅವು ಕ್ಯಾಮೆರಾದ ಚುಕ್ಕಿಸಾಲಿನೊಂದಿಗೆ ಸಿಕ್ಕಿಕೊಂಡು, ಬಟ್ಟೆಯಲ್ಲಿಲ್ಲದ ಅಲೆಗಳನ್ನು ಎಬ್ಬಿಸುತ್ತವೆ. ಅದನ್ನು ಆಮೇಲೆ ತೆಗೆಯುವುದು ಕಷ್ಟ. ಗಂಡಿನ ಅಂಗಿಗೂ ಇದೇ ಮಾತು.

ಅವರಿಗೆ ಕೆನೆಬಿಳಿ ಜುಬ್ಬಾ, ಧೋತರ ಸಾಕು. ನಿಮ್ಮ ಕುಪ್ಪಸಕ್ಕೆ ತಂದ ಗುಳೇದಗುಡ್ಡದ ಖಣದಲ್ಲೇ ಅವರಿಗೊಂದು ತೋಳಿಲ್ಲದ ಜಾಕೀಟು ಹೊಲಿಸಿದರೆ ಜೋಡಿ ಅನ್ನುವುದು ತಾನಾಗಿ ಗೊತ್ತಾಗುತ್ತದೆ, ಮೇಲಿಂದ ಕೆಳಗೆ ಒಂದೇ ಬಣ್ಣ ಬೇಕಿಲ್ಲ. ಎರಡಕ್ಕೂ ಬಟ್ಟೆ ಒಂದೇ ಸಲ ಕೊಳ್ಳಿ. ಇನ್ನೊಂದು ಸಲ ಹೋದರೆ ಅದೇ ಬಣ್ಣ, ಅದೇ ಬುಟ್ಟಾ ಸಿಗುವ ಭರವಸೆ ಇಲ್ಲ. ಖಣ ಹಿಗ್ಗುವ ಬಟ್ಟೆಯಲ್ಲ. ಫೋಟೊದವರು ಕೈ ಎತ್ತಿ, ತಿರುಗಿ, ಭುಜದ ಮೇಲೆ ಕೈ ಇಡಿ ಅನ್ನುತ್ತಲೇ ಇರುತ್ತಾರೆ. ಕಂಕುಳು ಬಿಗಿಯಾದರೆ ಕುಪ್ಪಸ ಮೇಲಕ್ಕೆ ಸರಿಯುತ್ತದೆ, ಹೊಲಿಗೆಯಲ್ಲಿ ಎಳೆ ಬಿಡುತ್ತದೆ. ಎರಡೂ ಬದಿಯ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಬಿಡಲು ದರ್ಜಿಗೆ ಹೇಳಿ. ಹತ್ತು ದಿನ ಮುಂಚೆ ತೊಟ್ಟು, ಎರಡೂ ಕೈ ತಲೆಯ ಮೇಲೆತ್ತಿ ನೋಡಿ.

ಬಟ್ಟೆ ಕೊಳ್ಳುವ ಮೊದಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಇಬ್ಬರ ಬಟ್ಟೆಯನ್ನೂ ಆ ಜಾಗದ ಫೋಟೊದ ಪಕ್ಕ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಆಮೇಲೆ ಅದನ್ನು ಕಪ್ಪು-ಬಿಳುಪಿಗೆ ಬದಲಿಸಿ. ಬಟ್ಟೆ, ಕಲ್ಲು ಎರಡೂ ಒಂದೇ ಬೂದು ಛಾಯೆಗೆ ಬಂದರೆ ಬೇರೆ ಆರಿಸುವುದು ಲೇಸು.

ಭೂತನಾಥ ಗುಡಿ ಕೆರೆಯ ಪೂರ್ವ ದಂಡೆಯಲ್ಲಿ ಇರುವುದರಿಂದ ಅದರ ಮುಂಭಾಗಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಸಂಜೆಯ ಹಳದಿ ಬೆಳಕಿನಲ್ಲಿ ಕೆನೆಬಿಳಿ ಚಿನ್ನದಂತಾಗುತ್ತದೆ, ನೀಲಿ ತುಸು ಮಂಕಾಗುತ್ತದೆ. ಹಾಗಾಗಿ ನೀಲಿ ಸೀರೆಯನ್ನು ಬೆಳಗಿನ ಪಾಳಿಗೆ ಇಟ್ಟುಕೊಳ್ಳಿ. ಬಾದಾಮಿಯ ಮಂಗಗಳು ಚೀಲಕ್ಕೇ ಕೈ ಹಾಕುತ್ತವೆ. ತಿಂಡಿಯ ಪೊಟ್ಟಣ ಗಾಡಿಯಲ್ಲೇ ಇರಲಿ.

ಪ್ರಶ್ನೆ: ವಿಜಯಪುರದ ಗೋಲಗುಮ್ಮಟ, ಬಾರಾಕಮಾನ್ ಹತ್ತಿರ ತೆಗೆಸುವ ಆಸೆ. ಕಪ್ಪು ಚಂದ್ರಕಾಳಿ ಸೀರೆ ನನಗೆ ಇಷ್ಟ. ಉಡಬಹುದೇ?
– ಓದುಗರು, ಇಂಡಿ

ಉತ್ತರ: ಅಲ್ಲಿನ ಕಲ್ಲು ಕಡುಬೂದು ಬಣ್ಣದ ಬಸಾಲ್ಟ್. ಗೋಡೆಯ ನೆರಳಿನಲ್ಲಿ ಕಪ್ಪು ಸೀರೆ ಬರಿಯ ಕಪ್ಪು ಗುಡ್ಡೆಯಾಗಿ ಬೀಳುತ್ತದೆ, ನೆರಿಗೆಗಳು ಕಾಣವು. ಬಾದಾಮಿಯಲ್ಲಿ ಬೇಡ ಅಂದ ದಾಳಿಂಬಿ ಕೆಂಪು, ಅರಿಶಿನ ಬಣ್ಣ ಇಲ್ಲಿ ಬಹಳ ಒಪ್ಪುತ್ತವೆ. ಚಂದ್ರಕಾಳಿಯೇ ಬೇಕೆಂದರೆ ಹಸಿರು ಹುಲ್ಲುಹಾಸಿನ ಮೇಲೆ, ಇಲ್ಲವೇ ಬಾರಾಕಮಾನ್ ಕಮಾನುಗಳ ನಡುವಿನ ತೆರೆದ ಆಕಾಶಕ್ಕೆ ಬೆನ್ನು ಮಾಡಿ ನಿಲ್ಲಿ. ಮುಖಕ್ಕೆ ಎದುರಿನಿಂದ ಬಿಳಿ ರಿಫ್ಲೆಕ್ಟರ್ ಹಿಡಿಸಿ. ಜಾಲರಿ ಬಟ್ಟೆಯ ಲೆಹೆಂಗಾ ಒಣಹುಲ್ಲಿನಲ್ಲಿ ಬೇಡ, ಮುಳ್ಳು ಅಂಟಿಕೊಂಡರೆ ಬಿಡಿಸುವಾಗ ದಾರ ಕಿತ್ತುಬರುತ್ತದೆ.

ಇವು ಗೋರಿಗಳು, ಸಂರಕ್ಷಿತ ಸ್ಮಾರಕಗಳು. ಟ್ರೈಪಾಡ್, ಲೈಟು ಹಿಡಿದು ಹೋಗುವ ಮುನ್ನ ಪುರಾತತ್ವ ಇಲಾಖೆಯ ಅನುಮತಿ ಪಡೆಯಿರಿ.

ಪ್ರಶ್ನೆ: ನನ್ನದು ಕಪ್ಪು ಮೈಬಣ್ಣ. ಬಿಳಿ ಉಟ್ಟರೆ ಫೋಟೊದಲ್ಲಿ ಮುಖ ಇನ್ನೂ ಕಪ್ಪಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ.
– ಓದುಗರು, ಜಮಖಂಡಿ

ಉತ್ತರ: ಮುಖ ಕಪ್ಪಾಗುವುದು ಮೈಬಣ್ಣದಿಂದಲ್ಲ, ಕ್ಯಾಮೆರಾದ ಲೆಕ್ಕದಿಂದ. ಚೌಕಟ್ಟಿನ ತುಂಬ ಬಿಳಿ ಬಟ್ಟೆ ಇದ್ದರೆ ಆಟೊ ಮೋಡ್‌ನಲ್ಲಿಟ್ಟ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ಎಲ್ಲವನ್ನೂ ತಗ್ಗಿಸುತ್ತದೆ. ಬೆಳಕನ್ನು ಮುಖಕ್ಕೆ ಅಳೆದು ತೆಗೆಯಿರಿ ಎಂದು ಫೋಟೊದವರಿಗೆ ಸ್ಪಷ್ಟವಾಗಿ ಹೇಳಿ, ನಡುಹಗಲು ಬಿಟ್ಟು ನೆರಳಿನಂಚಿನಲ್ಲಿ ನಿಲ್ಲಿ. ಅಚ್ಚಬಿಳಿಗಿಂತ ಕೆನೆಬಿಳಿಯಲ್ಲಿ ನೇಯ್ಗೆ ಉಳಿಯುತ್ತದೆ. ಸಾಸಿವೆ ಹಳದಿ, ದಾಳಿಂಬಿ, ನವಿಲು ಬಣ್ಣ ನಿಮ್ಮ ಮೈಬಣ್ಣಕ್ಕೆ ಬಹಳ ಕಳೆ ಕೊಡುತ್ತವೆ. ತಪ್ಪಿಸಬೇಕಾದದ್ದು ಕಣ್ಣು ಕುಕ್ಕುವ ಮಿಂಚುಹಸಿರು, ಮಿಂಚುಗುಲಾಬಿ. ಅವುಗಳ ಪ್ರತಿಫಲನ ಗದ್ದ, ಕತ್ತಿನ ಕೆಳಗೆ ಬಣ್ಣ ಬಳಿದಂತೆ ಬೀಳುತ್ತದೆ. ಮೇಕಪ್ಪು ಕತ್ತಿನ ಬಣ್ಣಕ್ಕೆ ಸರಿಯಾಗಿರಲಿ, ಒಂದು ಛಾಯೆಯೂ ಬಿಳುಪು ಮಾಡಿಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಗೋಕಾಕ ಫಾಲ್ಸ್‌ನಲ್ಲಿ ತೆಗೆಸಿದರೆ?
– ಓದುಗರು, ಬೆಳಗಾವಿ

ಉತ್ತರ: ಆಗ ಘಟಪ್ರಭೆಯ ನೀರು ಕೆಂಗಂದು, ಸುತ್ತೆಲ್ಲ ಹಸಿರು. ಈ ಎರಡೂ ಬಣ್ಣ ಬಿಡಿ. ಕೆಂಪು, ಹಳದಿ, ಕಡುನೀಲಿ ಹಿಡಿಯಿರಿ. ತುಂತುರಿಗೆ ತಿಳಿಬಣ್ಣದ ತೆಳು ಬಟ್ಟೆ ನೆನೆದು ಒಳಗಿನದೆಲ್ಲ ಕಾಣುತ್ತದೆ, ಆದ್ದರಿಂದ ದಪ್ಪ ಲಂಗ ಇರಲಿ, ಸೀರೆಯ ಅಂಚಿಗಿಂತ ಎರಡು ಇಂಚು ಮೇಲೆ. ಹೊಸ ಸೀರೆಯ ಕೆಂಪು ಬಣ್ಣ ಬಿಡುತ್ತದೆಯೇ ಎಂದು ಮನೆಯಲ್ಲೇ ನೋಡಿ: ಒದ್ದೆ ಬಿಳಿ ಅರಿವೆಯನ್ನು ಒಳಮಡಿಕೆಯ ಮೇಲೆ ಉಜ್ಜಿ, ಅರಿವೆ ಕೆಂಪಾದರೆ ಆ ಸೀರೆ ನೀರಿನ ಹತ್ತಿರ ಬೇಡ. ಕೊಲ್ಹಾಪುರಿ ಚಪ್ಪಲಿಯ ಚರ್ಮ ನೆನೆದರೆ ಉಬ್ಬಿ ಆಕಾರ ಕೆಡುತ್ತದೆ. ಪಾಚಿಗಟ್ಟಿದ ಬಂಡೆಯ ಅಂಚಿಗೆ, ಯಾರು ಎಷ್ಟೇ ಹೇಳಿದರೂ, ಹೋಗಬೇಡಿ.

ಪ್ರಶ್ನೆ: ಎಷ್ಟು ಜೊತೆ ಬಟ್ಟೆ ಒಯ್ಯಬೇಕು?
– ಓದುಗರು, ಮುದ್ದೇಬಿಹಾಳ

ಉತ್ತರ: ಒಂದು ಹೊತ್ತಿಗೆ ಎರಡು. ಒಳ್ಳೆಯ ಬೆಳಕು ಇರುವುದೇ ಸುಮಾರು ಎರಡು ತಾಸು. ಸೀರೆ ಬದಲಿಸಿ ತಲೆ ಸರಿಮಾಡಿಕೊಳ್ಳಲು ಅರ್ಧ ತಾಸು ಹೋಗುತ್ತದೆ. ಸ್ಮಾರಕಗಳ ಬಳಿ ಬಟ್ಟೆ ಬದಲಿಸುವ ಜಾಗ ಹುಡುಕುತ್ತ ಕೂರಬೇಡಿ, ಊರಲ್ಲೊಂದು ರೂಮು ಹಿಡಿಯಿರಿ. ಕಷ್ಟದ ಉಡುಗೆ ಮೊದಲು, ಸುಲಭದ್ದು ಆಮೇಲೆ. ಚೀಲದಲ್ಲಿ ಹನ್ನೆರಡು ಸೇಫ್ಟಿ ಪಿನ್ನು, ಸೂಜಿದಾರ, ಬೆವರಿಗೆ ಹತ್ತಿ ಕರ್ಚೀಫು ಇರಲಿ. ತಿಳಿನೀಲಿ, ಬೂದು ಬಣ್ಣದ ಹತ್ತಿ ಅಂಗಿಯಲ್ಲಿ ಕಂಕುಳ ಬೆವರು ಢಾಳಾಗಿ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಿಗೆ ಗಂಡಿಗೆ ಅವು ಬೇಡವೇ ಬೇಡ.