ಎಂಟು ದಿನದಲ್ಲಿ ಬ್ರಿಟನ್ನಿನ ಆರು ಊರು: ರೈಲ್ ಪಾಸ್ ಕೊಳ್ಳಬೇಕೇ, ಬಿಡಿ ಟಿಕೆಟ್ ಸಾಕೇ?

ಲಂಡನ್, ಬಾತ್, ಮ್ಯಾಂಚೆಸ್ಟರ್, ಲಿವರ್‌ಪೂಲ್, ಯಾರ್ಕ್, ಎಡಿನ್‌ಬರೋ. ಎಂಟು ದಿನದಲ್ಲಿ ಇಷ್ಟನ್ನೂ ನೋಡಲು ರೈಲ್ ಪಾಸ್ ಕೊಳ್ಳಬೇಕೇ ಎಂದು ಕೇಳಿ ನೀವು ಬರೆದ ಪತ್ರದಲ್ಲಿ ಈ ಪಟ್ಟಿ ಓದಿದ ಕೂಡಲೇ ಎದ್ದು ಹೋಗಿ ನನ್ನ 2023ರ ಡೈರಿ ತೆಗೆದು ನೋಡಿದೆ. ಅದೇ ಆರು ಹೆಸರು, ಪಕ್ಕದಲ್ಲಿ ದಿನಾಂಕ, ಕೆಳಗೆ ಕೆಂಪು ಶಾಯಿಯ ಗೆರೆ. ಪಾಸೋ ಟಿಕೆಟ್ಟೋ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಟಿಕೆಟ್ಟಿನ ಕಥೆ ಕೇಳಿ.

ನಾನು ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಳೆದವನು. ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ರೈಲ್ವೆಯವರು ಕೊಡುತ್ತಿದ್ದ ಪಾಸ್ ಹಿಡಿದು ನಾವು ಐದು ಜನ ರಜೆಯಲ್ಲಿ ಊರೂರು ಇಳಿಯುತ್ತಾ ಹತ್ತುತ್ತಾ ಹೋಗುತ್ತಿದ್ದೆವು. ದೆಹಲಿಗೆಂದು ಹೊರಟವರು ಭೋಪಾಲಿನಲ್ಲಿ ಇಳಿದು ಸಾಂಚಿ ನೋಡಿ ಬಂದದ್ದು ಇನ್ನೂ ನೆನಪಿದೆ. ಪಾಸ್ ಇಲ್ಲದವರಿಗೂ ನಮ್ಮ ರೈಲ್ವೆಯಲ್ಲಿ 500 ಕಿಲೋಮೀಟರಿಗೂ ಹೆಚ್ಚು ದೂರದ ಟಿಕೆಟ್ ಇದ್ದರೆ, ಅಷ್ಟು ದೂರ ಕ್ರಮಿಸಿದ ಮೇಲೆ ನಡುವೆ ಒಂದು ಕಡೆ ಇಳಿದು ಎರಡು ದಿನ ತಂಗುವ ಅವಕಾಶವಿದೆ. ಬ್ರೇಕ್ ಜರ್ನಿ ಎನ್ನುತ್ತಾರೆ. ಹೀಗಾಗಿ ಟಿಕೆಟ್ ಎಂದರೆ ದೂರಕ್ಕೆ ಕೊಟ್ಟ ದುಡ್ಡು ಎಂಬ ನಂಬಿಕೆ ನನ್ನ ರಕ್ತದಲ್ಲೇ ಇತ್ತು. ಅಷ್ಟು ದೂರದೊಳಗೆ ಎಲ್ಲಿ ಇಳಿದರೆ ಯಾರಿಗೇನು ನಷ್ಟ?

ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿರುವ ಅಣ್ಣನ ಮಗಳು ಹೊರಡುವ ತಿಂಗಳ ಮೊದಲೇ ಫೋನ್ ಮಾಡಿ, “ಚಿಕ್ಕಪ್ಪ, ರೈಲಿನ ಟಿಕೆಟ್ ನೀವು ಮಾಡಬೇಡಿ, ಇಲ್ಲಿಯ ಲೆಕ್ಕವೇ ಬೇರೆ. ದಿನಾಂಕ ಕಳಿಸಿ, ನಾನು ನೋಡಿಕೊಳ್ಳುತ್ತೇನೆ” ಎಂದಿದ್ದಳು. “ಗಾರ್ಡಿನ ಮಗನಿಗೇ ಟಿಕೆಟ್ ಮಾಡುವುದನ್ನು ಹೇಳಿಕೊಡುತ್ತೀಯಾ?” ಎಂದು ನಕ್ಕು ಫೋನ್ ಇಟ್ಟೆ. ಆ ನಗುವಿನ ಬೆಲೆ ಎಷ್ಟೆಂದು ಮುಂದೆ ಹೇಳುತ್ತೇನೆ.

ಲಂಡನ್ನಿನ ನಾಲ್ಕು ದಿನಗಳಲ್ಲಿ ದೂರುವಂಥದ್ದು ಏನೂ ಆಗಲಿಲ್ಲ. ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ ಮುಗಿದು ಎರಡು ವಾರವಾಗಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿಗೆ ಪ್ರವೇಶ ಶುಲ್ಕವಿಲ್ಲ. ಅಲ್ಲಿ ಅಮರಾವತಿ ಸ್ತೂಪದ ಶಿಲ್ಪಗಳ ಮುಂದೆ ನಿಂತಾಗ ಹೆಂಡತಿ, “ಇದಕ್ಕಾಗಿ ಇಷ್ಟು ದೂರ ಬರಬೇಕಾಯಿತೇ?” ಎಂದಳು. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿರುವ ಆ ಮರದ ಹುಲಿಯ ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯವಿದೆ. ಅದರ ಮುಂದೆ ಇಂಗ್ಲಿಷ್ ಮಕ್ಕಳು ಖುಷಿಯಿಂದ ಕೈತಟ್ಟುತ್ತಿದ್ದುದನ್ನು ನೋಡಿ ನಗಬೇಕೋ ಬೇಡವೋ ತಿಳಿಯಲಿಲ್ಲ. ಸಂಸತ್ ಭವನದ ಕಡೆಯಿಂದ ನದಿ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋದರೆ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ನಾವು ಹೋದಾಗ ಅಲ್ಲಿ ಒಂದು ಪಾರಿವಾಳ ಬಿಟ್ಟರೆ ಯಾರೂ ಇರಲಿಲ್ಲ. ಅರ್ಧ ಗಂಟೆ ಕುಳಿತೆವು. ಭಾನುವಾರ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಹೋಗಬೇಡಿ, ಅಂದು ಪ್ರಾರ್ಥನೆಗೆ ಬಂದವರಿಗಷ್ಟೇ ಬಾಗಿಲು ತೆರೆಯುತ್ತದೆ. ನಗರದೊಳಗಿನ ರೈಲಿಗೆ, ಬಸ್ಸಿಗೆ ನಿಮ್ಮ ಬ್ಯಾಂಕಿನ ಕಾರ್ಡನ್ನೇ ತಾಗಿಸಬಹುದು. ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು, ರೈಲಿನಲ್ಲಾದರೆ ಹತ್ತುವಾಗ ತಾಗಿಸಿದ ಕಾರ್ಡನ್ನೇ ಇಳಿದಾಗಲೂ ತಾಗಿಸಬೇಕು.

ಇನ್ನು ಆ ಟಿಕೆಟ್ಟು. ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ಎಡಿನ್‌ಬರೋಗೆ ಸುಮಾರು 630 ಕಿಲೋಮೀಟರ್, ನಾಲ್ಕೂವರೆ ಗಂಟೆಯ ಹಾದಿ. ದಾರಿಯಲ್ಲಿ ಎರಡು ಗಂಟೆಗೆ ಯಾರ್ಕ್ ಬರುತ್ತದೆ. ಯಾರ್ಕಿನ ನಿಲ್ದಾಣದ ಬೆನ್ನಿಗೇ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ, ಅಲ್ಲಿ ಮಲ್ಲಾರ್ಡ್ ಎಂಬ ನೀಲಿ ಎಂಜಿನ್. 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ವೇಗದಲ್ಲಿ ಓಡಿತ್ತು. ಉಗಿ ಎಂಜಿನ್ನುಗಳಲ್ಲಿ ಆ ದಾಖಲೆ ಇಂದಿಗೂ ಅದರದೇ. ಅಪ್ಪನಿಗಾಗಿಯಾದರೂ ಅದನ್ನು ನೋಡಬೇಕಿತ್ತು. ಊರಿನಲ್ಲಿದ್ದಾಗಲೇ ಅಂತರ್ಜಾಲದಲ್ಲಿ ಇಬ್ಬರಿಗೂ ಸೇರಿ 86 ಪೌಂಡ್ ಕೊಟ್ಟು ಲಂಡನ್–ಎಡಿನ್‌ಬರೋ ಟಿಕೆಟ್ ಕೊಂಡೆ. ಯಾರ್ಕಿನಲ್ಲಿ ಇಳಿದು ನಾಲ್ಕು ಗಂಟೆ ಸುತ್ತಾಡಿ ಮುಂದಿನ ಯಾವುದಾದರೂ ರೈಲು ಹತ್ತಿದರಾಯಿತು ಎಂದುಕೊಂಡೆ.

ಟಿಕೆಟ್ಟಿನ ಮೇಲೆ ‘ಅಡ್ವಾನ್ಸ್ ಸಿಂಗಲ್’ ಎಂದು ಬರೆದಿತ್ತು. ಇಲ್ಲಿ ಸ್ವಲ್ಪ ನಿಲ್ಲಿ, ಈ ಒಂದು ಪದವನ್ನು ನಾನು ಹೇಗೆ ಓದಿದೆ ಎನ್ನುವುದನ್ನು ಬಿಡಿಸಿ ಹೇಳದಿದ್ದರೆ ನಿಮಗೂ ಇದೇ ಗತಿಯಾಗುತ್ತದೆ. ನಮ್ಮಲ್ಲಿ ಅಡ್ವಾನ್ಸ್ ಎಂದರೆ ಮುಂಗಡ. ಮನೆಗೆ ಅಡ್ವಾನ್ಸ್ ಕೊಡುತ್ತೇವೆ, ಛತ್ರಕ್ಕೆ ಅಡ್ವಾನ್ಸ್ ಕೊಡುತ್ತೇವೆ. ರೈಲಿಗೆ ಅಡ್ವಾನ್ಸ್ ಬುಕಿಂಗ್ ಮಾಡಿಸಿದೆವು ಎಂದರೆ ಮೊದಲೇ ಕಾಯ್ದಿರಿಸಿದೆವು ಎಂದಷ್ಟೇ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದ ನನಗೆ ಅದಕ್ಕೆ ಸಾಲ ಎಂಬ ಅರ್ಥವೂ ಗೊತ್ತಿತ್ತು. ಅದು ಒಂದು ಬಗೆಯ ಟಿಕೆಟ್ಟಿನ ಹೆಸರು ಎಂದು ಮಾತ್ರ ಗೊತ್ತಿರಲಿಲ್ಲ. ಅಲ್ಲಿ ಮುಖ್ಯವಾಗಿ ಮೂರು ಬಗೆ. ‘ಎನಿಟೈಮ್’ ಎಂದರೆ ದುಬಾರಿ, ಆ ದಿನದ ಯಾವ ಹೊತ್ತಿನ ರೈಲಾದರೂ ಸರಿ. ‘ಆಫ್ ಪೀಕ್’ ಎಂದರೆ ಕಚೇರಿಯ ನೂಕುನುಗ್ಗಲಿನ ಹೊತ್ತು ಬಿಟ್ಟು ಉಳಿದ ಹೊತ್ತಿಗೆ. ಈ ಎರಡರಲ್ಲಿ ಸಾಮಾನ್ಯವಾಗಿ ದಾರಿಯಲ್ಲಿ ಇಳಿದು ಹತ್ತಬಹುದು. ‘ಅಡ್ವಾನ್ಸ್’ ಎಂದರೆ ಅಗ್ಗ. ಅಗ್ಗವಾದ್ದರಿಂದ ಕೈಕಾಲು ಕಟ್ಟಿದ ಒಪ್ಪಂದ: ಆ ದಿನ, ಆ ರೈಲು, ಆ ನಿಲ್ದಾಣದಿಂದ ಈ ನಿಲ್ದಾಣಕ್ಕೆ. ನಡುವೆ ಇಳಿಯುವಂತಿಲ್ಲ. ಇಳಿದರೆ ಟಿಕೆಟ್ ಅಲ್ಲಿಗೆ ಸತ್ತಂತೆ. ಇದೆಲ್ಲವೂ ಟಿಕೆಟ್ಟಿನ ಜೊತೆ ಬಂದ ಮಿಂಚಂಚೆಯಲ್ಲಿ ಇತ್ತು. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಸಣ್ಣ ಅಕ್ಷರಗಳನ್ನು ಯಾರಿಂದಾದರೂ ಓದಿಸಿಕೊಳ್ಳಿ ಎಂದು ಮೂವತ್ತೊಂದು ವರ್ಷ ರೈತರಿಗೆ ಹೇಳಿದವನು ನಾನು.

ಯಾರ್ಕಿನಲ್ಲಿ ಇಳಿದಾಗ ನಮ್ಮನ್ನು ಯಾರೂ ತಡೆಯಲಿಲ್ಲ. ಅದೇ ಮೋಸವಾಯಿತು. ಎರಡು ದೊಡ್ಡ ಸೂಟ್‌ಕೇಸುಗಳನ್ನು ಎಳೆದುಕೊಂಡು ಮೊದಲು ಮ್ಯೂಸಿಯಮ್ಮಿಗೆ ಹೋದೆವು. ಮಲ್ಲಾರ್ಡಿನ ಮುಂದೆ ನಾನು ಎಷ್ಟು ಹೊತ್ತು ನಿಂತೆನೆಂದರೆ ಹೆಂಡತಿ ಬೆಂಚಿನ ಮೇಲೆ ಒಂದು ನಿದ್ದೆ ತೆಗೆದಳು. ಅಲ್ಲಿಂದ ಊರೊಳಗೆ ನಡೆದರೆ ಶಾಂಬಲ್ಸ್ ಎಂಬ ಇಕ್ಕಟ್ಟಾದ ಬೀದಿ. ಹಿಂದೆ ಕಟುಕರ ಅಂಗಡಿಗಳಿದ್ದ ಕೇರಿ. ಮೇಲಂತಸ್ತುಗಳು ಮುಂದಕ್ಕೆ ಬಾಗಿ ಆಚೀಚೆ ಮನೆಯವರು ಕೈಕುಲುಕಬಹುದು ಎನ್ನುವಷ್ಟು ಹತ್ತಿರ ಬಂದಿವೆ. ನೆಲಕ್ಕೆ ಗುಂಡುಕಲ್ಲು. ಸೂಟ್‌ಕೇಸಿನ ಒಂದು ಚಕ್ರ ಅಲ್ಲೇ ಕಳಚಿಕೊಂಡಿತು. ಮಿನ್‌ಸ್ಟರ್ ಕಥೀಡ್ರಲ್ಲಿಗೆ ಸರದಿಯ ಮೇಲೆ ಹೋದೆವು, ಒಬ್ಬರು ಒಳಗೆ, ಒಬ್ಬರು ಹೊರಗೆ ಸಾಮಾನಿಗೆ ಕಾವಲು. 1405ರಿಂದ 1408ರ ನಡುವೆ ಜಾನ್ ಥಾರ್ನ್‌ಟನ್ ಎಂಬ ಕುಶಲಕರ್ಮಿ ಮಾಡಿದ ಪೂರ್ವದ ಮಹಾಕಿಟಕಿ ಅಲ್ಲಿದೆ. ಬಣ್ಣದ ಗಾಜಿನಲ್ಲಿ ಲೋಕದ ಹುಟ್ಟಿನಿಂದ ಪ್ರಳಯದವರೆಗೆ. ಬೇಲೂರಿನ ಭಿತ್ತಿಯನ್ನು ನೋಡುವ ಹಾಗೆ ಒಂದೊಂದೇ ಚೌಕವನ್ನು ನೋಡಬೇಕು. ನನಗೆ ಸಿಕ್ಕದ್ದು ಇಪ್ಪತ್ತು ನಿಮಿಷ.

ನಾಲ್ಕು ಗಂಟೆಯ ಸುಮಾರಿಗೆ ಉತ್ತರದ ರೈಲು ಹತ್ತಿ ಬಲಗಡೆಯ ಎರಡು ಖಾಲಿ ಆಸನ ಹಿಡಿದು ಕುಳಿತೆವು. ಟಿಕೆಟ್ ತಪಾಸಣೆಯ ಮಹಿಳೆ ಬಂದರು. ನನ್ನ ಮೊಬೈಲ್ ನೋಡಿದರು, ಗಡಿಯಾರ ನೋಡಿದರು, ಮತ್ತೆ ಮೊಬೈಲ್ ನೋಡಿದರು. ನಮ್ಮ ರೈಲು ಎಡಿನ್‌ಬರೋ ತಲುಪಿ ಒಂದೂವರೆ ಗಂಟೆಯಾಯಿತು ಎಂದರು. ಹೌದು, ನಮ್ಮ ಎರಡು ಆಸನಗಳು ನಮ್ಮನ್ನು ಬಿಟ್ಟು ಊರು ಸೇರಿದ್ದವು. ನಾನು ಬ್ರೇಕ್ ಜರ್ನಿಯ ವಿಷಯ ತೆಗೆದೆ. ಅಪ್ಪ ಗಾರ್ಡ್ ಆಗಿದ್ದರೆಂದೂ ಹೇಳಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಆಕೆ ಒಂದು ಗಡಸು ಮಾತು ಆಡಲಿಲ್ಲ. ನನ್ನ ಹೆಂಡತಿಯನ್ನು ‘ಲವ್’ ಎಂದು ಕರೆದರು. ಇಂಗ್ಲೆಂಡಿನ ಉತ್ತರದ ಕಡೆ ಅಪರಿಚಿತರನ್ನೂ ಹಾಗೆ ಕರೆಯುತ್ತಾರೆ, ನಮ್ಮಲ್ಲಿ ತರಕಾರಿಯವರು ‘ತಾಯೀ’ ಎನ್ನುವ ಹಾಗೆ. ಆಕೆ ಕ್ಷಮಿಸಿ ಎಂದು ಆರು ಸಲವಾದರೂ ಹೇಳಿರಬೇಕು. ಇಬ್ಬರಿಗೂ ಯಾರ್ಕಿನಿಂದ ಎಡಿನ್‌ಬರೋಗೆ ಹೊಸ ಟಿಕೆಟ್, ರಿಯಾಯಿತಿಯಿಲ್ಲದ ದರ: ಸುಮಾರು 190 ಪೌಂಡ್. ಆಗಿನ ಲೆಕ್ಕದಲ್ಲಿ 19 ಸಾವಿರ ರೂಪಾಯಿಗೂ ಮೇಲೆ. ಒಂದು ಕ್ಷಮೆಗೆ ಮೂರು ಸಾವಿರ ಬಿತ್ತು.

ಡರ್ಹಮ್ಮಿನಲ್ಲಿ ರೈಲು ಎತ್ತರದ ಸೇತುವೆಯ ಮೇಲೆ ಹೋಗುವಾಗ ಬಲಗಡೆ ಬೆಟ್ಟದ ಮೇಲಿನ ಕಥೀಡ್ರಲ್ ಕಾಣುತ್ತದೆ. ಆ ದಾರಿಯ ಅತ್ಯಂತ ಸುಂದರ ನೋಟ. ಅದಕ್ಕೆಂದೇ ಬಲಗಡೆ ಕುಳಿತದ್ದು. ಅದು ಹಾದುಹೋಗುವಾಗ ನಾನು ತಲೆ ತಗ್ಗಿಸಿ ಕಾರ್ಡ್ ಯಂತ್ರದಲ್ಲಿ ಪಿನ್ ಒತ್ತುತ್ತಿದ್ದೆ. ನ್ಯೂಕಾಸಲ್ ಬಂತು, ಹೆಂಡತಿ ಮಾತಾಡಲಿಲ್ಲ. ಸಮುದ್ರ ಕಂಡಿತು, ಆಗಲೂ ಇಲ್ಲ. ಬೆರಿಕ್ಕಿನಲ್ಲಿ ಟ್ವೀಡ್ ನದಿಯ ಮೇಲಿನ 1850ರ ಕಮಾನು ಸೇತುವೆ ದಾಟುವಾಗ, “ಅಲ್ಲ ರೀ, ಯಾರ್ಕ್‌ವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಒಂದು ಅಂತ ಎರಡು ಟಿಕೆಟ್ ತೆಗೆದಿದ್ದರೆ ಆಗುತ್ತಿರಲಿಲ್ಲವೇ?” ಎಂದಳು.

ಆಗುತ್ತಿತ್ತು. ಎರಡು ಅಡ್ವಾನ್ಸ್ ಟಿಕೆಟ್ ತುಂಡು ಮಾಡಿ ಕೊಂಡಿದ್ದರೆ ಇಬ್ಬರಿಗೂ ಸೇರಿ ನೂರು ಪೌಂಡಿನ ಆಚೀಚೆ ಮುಗಿಯುತ್ತಿತ್ತು ಎಂದು ಅಣ್ಣನ ಮಗಳು ಆಮೇಲೆ ಹೇಳಿದಳು. ನಗಲಿಲ್ಲ ಪಾಪ.

ಈಗ ನಿಮ್ಮ ಪ್ರಶ್ನೆಗೆ. ಬ್ರಿಟ್‌ರೈಲ್ ಪಾಸನ್ನು ಬ್ರಿಟನ್ನಿನಲ್ಲಿ ವಾಸವಿಲ್ಲದ ನಮ್ಮಂಥವರಿಗೇ ಮಾರುತ್ತಾರೆ, ಅದರಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು, ನಿಜ. ದಿನಾ ರೈಲು ಹತ್ತುವವರಿಗೆ ಅದು ಸರಿ. ಆದರೆ ನೀವು ದಿನಾ ರೈಲು ಹತ್ತಬೇಕಾಗಿ ಬಂದಿರುವುದೇ ಆ ಪಟ್ಟಿಯಿಂದ. ಪಾಸೋ ಟಿಕೆಟ್ಟೋ ಎಂದು ಕೇಳುವ ಮೊದಲು ಮೂರು ಊರುಗಳನ್ನು ಹೊಡೆದುಹಾಕಿ. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ನಡುವೆ ಉಗಿ ಎಂಜಿನ್ನಿನ ರೈಲು ಓಡಿದ ಮೇಲೆಯೇ ರೈಲು ಎನ್ನುವುದು ಜಗತ್ತಿಗೆ ಹಬ್ಬಿದ್ದು. ರೈಲ್ವೆ ಮನೆಯಲ್ಲಿ ಹುಟ್ಟಿದ ನಾನೇ ಆ ಎರಡು ಊರುಗಳನ್ನು ಕೈಬಿಟ್ಟೆ, ನಿಮಗೇನು ಕಷ್ಟ? ಲಂಡನ್ ನಾಲ್ಕು ದಿನ, ಯಾರ್ಕಿನಲ್ಲಿ ಒಂದು ರಾತ್ರಿ, ಉಳಿದದ್ದು ಎಡಿನ್‌ಬರೋಗೆ. ಬಾತ್ ನೋಡಲೇಬೇಕೆಂದರೆ ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ಒಂದೂವರೆ ಗಂಟೆ, ಬೆಳಗ್ಗೆ ಹೋಗಿ ಸಂಜೆ ಬನ್ನಿ. ರೋಮನ್ನರ ಸ್ನಾನಕುಂಡಕ್ಕೆ ಇವತ್ತಿಗೂ ನೆಲದಿಂದ ಬಿಸಿನೀರು ಉಕ್ಕುತ್ತಿದೆ. ಆದರೆ ಅದರಲ್ಲಿ ಕೈ ಅದ್ದಲು ಬಿಡುವುದಿಲ್ಲ ಎಂದು ನನ್ನ ಹೆಂಡತಿಗೆ ಅಸಮಾಧಾನ.

ಹೀಗೆ ಮಾಡಿದರೆ ದೂರದ ರೈಲು ಪ್ರಯಾಣ ನಾಲ್ಕೈದಕ್ಕೆ ನಿಲ್ಲುತ್ತದೆ, ಪಾಸ್ ಬೇಕಾಗುವುದೇ ಇಲ್ಲ. ಪ್ರತಿ ತುಂಡಿಗೂ ಬೇರೆ ಅಡ್ವಾನ್ಸ್ ಟಿಕೆಟ್ ಕೊಳ್ಳಿ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ ಮೊದಲು ಮಾರಾಟಕ್ಕೆ ಬರುತ್ತವೆ, ಬೇಗ ಕೊಂಡಷ್ಟೂ ಅಗ್ಗ. ಗಂಡ ಹೆಂಡತಿ ಇಬ್ಬರೇ ಎಂದು ಬರೆದಿದ್ದೀರಿ. ‘ಟೂ ಟುಗೆದರ್’ ಎಂಬ ರಿಯಾಯಿತಿ ಕಾರ್ಡ್ ಇದೆ, ಇಬ್ಬರೂ ಜೊತೆಗಿದ್ದರೆ ಮೂರನೇ ಒಂದು ಭಾಗ ಕಡಿತ. ವಾರದ ದಿನಗಳಲ್ಲಿ ಬೆಳಗಿನ 9.30ಕ್ಕೆ ಮೊದಲು ನಡೆಯುವುದಿಲ್ಲ, ಅದನ್ನು ಓದಿಕೊಳ್ಳಿ. ಇಬ್ಬರಿಗೂ ಸೇರಿ ಒಂದೇ ಚಿಕ್ಕ ಸೂಟ್‌ಕೇಸ್ ಒಯ್ಯಿರಿ. ಬಿಸಿಬೇಳೆಬಾತಿನ ಪುಡಿ ಒಯ್ಯಬೇಡಿ, ಮಾಡಿಕೊಳ್ಳಲು ನಿಮಗೆ ಒಲೆಯೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಸಸ್ಯಾಹಾರದ ಡಬ್ಬಿಗಳ ಮೇಲೆ ಹಾಗೆಂದು ಬರೆದೇ ಇರುತ್ತದೆ.

ಎಡಿನ್‌ಬರೋದಿಂದ ಒಂದು ದಿನ ಹೈಲ್ಯಾಂಡ್ಸ್ ಬೆಟ್ಟಗಳ ಕಡೆ ಬಸ್ಸಿನಲ್ಲಿ ಹೋಗಿ ಬರುವುದೆಂದು ಇಟ್ಟುಕೊಂಡಿದ್ದ ಹಣ ಆ ಕಾರ್ಡ್ ಯಂತ್ರಕ್ಕೆ ಹೋಗಿತ್ತು. ದುಡ್ಡು ಕೇಳದ ಜಾಗ ಯಾವುದಿದೆ ಎಂದು ಹುಡುಕಿ, ವೇವರ್ಲಿ ನಿಲ್ದಾಣದಿಂದ ಸ್ವಲ್ಪವೇ ದೂರದ ಕ್ಯಾಲ್ಟನ್ ಹಿಲ್ ಹತ್ತಿದೆವು. ರಾತ್ರಿ ಒಂಬತ್ತಾದರೂ ಬೆಳಕಿತ್ತು. ಒಂದು ಕಡೆ ಕೋಟೆ, ಇನ್ನೊಂದು ಕಡೆ ಸಮುದ್ರ. ಗುಡ್ಡದ ಮೇಲೆ ಅಥೆನ್ಸಿನ ಪಾರ್ಥೆನಾನಿನ ಹಾಗೆ ಹನ್ನೆರಡು ಕಂಬಗಳು ನಿಂತಿವೆ, ಹಿಂದೆ ಏನೂ ಇಲ್ಲ. ನೆಪೋಲಿಯನ್ ಯುದ್ಧಗಳಲ್ಲಿ ಮಡಿದವರ ಸ್ಮಾರಕವೆಂದು 1826ರಲ್ಲಿ ಕಟ್ಟಲು ಶುರುಮಾಡಿ, 1829ರಲ್ಲಿ ಹಣ ಮುಗಿದು ಕೈಬಿಟ್ಟದ್ದಂತೆ. ಅಲ್ಲಿದ್ದ ಫಲಕವನ್ನು ಹೆಂಡತಿಗೆ ಓದಿ ಹೇಳಿದೆ. ಆಕೆ ಕಂಬಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಇವರೂ ಟಿಕೆಟ್ಟಿನ ಸಣ್ಣ ಅಕ್ಷರ ಓದದೆ ಹೊರಟವರೇ ಇರಬೇಕು” ಎಂದಳು.