12 ಲಕ್ಷದ ವಿನಾಯಿತಿಯಿಂದ ನನಗೇನು ಲಾಭ?

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ, ತಿಂಗಳಿಗೆ 18,000 ರೂಪಾಯಿ ಬರುತ್ತದೆ. 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದ ಮೇಲೆ ನನಗೆಷ್ಟು ಉಳಿಯುತ್ತದೆ ಸರ್?
– ಓದುಗರು, ಕೌಲ್ ಬಜಾರ್

ಉತ್ತರ: ನೇರವಾಗಿ ಹೇಳುತ್ತೇನೆ, ಒಂದು ರೂಪಾಯಿಯೂ ಇಲ್ಲ. ನಿಮ್ಮ ವರ್ಷದ ದುಡಿಮೆ 2,16,000. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ತೆರಿಗೆ ಲೆಕ್ಕ ಶುರುವಾಗುವ ಮಟ್ಟವನ್ನು 2025ರ ಬಜೆಟ್ 3 ಲಕ್ಷದಿಂದ 4 ಲಕ್ಷಕ್ಕೆ ಏರಿಸಿತು, ಆದರೆ ನೀವು ಮೊದಲೂ ಅದರ ಕೆಳಗೇ ಇದ್ದಿರಿ, ಈಗಲೂ ಅಷ್ಟೇ. ಅದರ ಮೇಲೆ 12 ಲಕ್ಷದವರೆಗೆ ಲೆಕ್ಕಕ್ಕೆ ಬರುವ ತೆರಿಗೆಯನ್ನು ರಿಯಾಯಿತಿ ಕೊಟ್ಟು ಮನ್ನಾ ಮಾಡಿದ್ದರಿಂದ, 12 ಲಕ್ಷ ಗಳಿಸುವವರಿಗೆ ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಬಿಟ್ಟು ವರ್ಷಕ್ಕೆ 80,000 ಉಳಿಯಿತು. ಇದು ನನಗೆ ಸರಿ ಕಾಣುವುದಿಲ್ಲ.

ನೀವು ತೆರಿಗೆ ಕಟ್ಟುವುದು ಕಿರಾಣಿ ಅಂಗಡಿಯಲ್ಲಿ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ 18ರಿಂದ ಶೇ 5ಕ್ಕೆ ಇಳಿದಿದೆ. ನಿಮ್ಮ ಮನೆಗೆ ಮುಟ್ಟುವುದು ಅದೇ.

ಇನ್ನೊಂದು ಮಾತು. ಸಂಬಳದ ಚೀಟಿಯಲ್ಲಿ ವೃತ್ತಿ ತೆರಿಗೆ 200 ಹಿಡಿದಿದ್ದರೆ ಸುಮ್ನೆ ಬಿಡಬೇಡಿ, ಕರ್ನಾಟಕದಲ್ಲಿ ಅದು 25,000 ಮತ್ತು ಮೇಲಿನ ಸಂಬಳಕ್ಕೆ ಮಾತ್ರ. ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವಾಗ ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ಆದಾಯ ತೆರಿಗೆ) ಅಂತ ಕಡಿದಿದ್ದಾರಾ? ಹಾಗಿದ್ದರೆ ಆದಾಯ ತೆರಿಗೆ ರಿಟರ್ನ್ (ವರ್ಷದ ಆದಾಯದ ಲೆಕ್ಕ) ಸಲ್ಲಿಸಿ, ಆ ಹಣ ನಿಮ್ಮ ಖಾತೆಗೆ ವಾಪಸ್ ಬರುತ್ತದೆ.